ಟುಟಾಂಖಾಮನ್‌ನ ಅಜ್ಜಿ ರಾಣಿ ಟಿಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿನ್ನದ ಮುಖವಾಡದ ಟುಟಾಂಖಾಮನ್ ಎಲ್ಲರಿಗೂ ಗೊತ್ತು. ನೆಫರ್ಟಿಟಿಯ ಉದ್ದ ಕತ್ತಿನ ಮೂರ್ತಿಯನ್ನು ಶಾಲೆ ಪುಸ್ತಕದಲ್ಲೇ ನೋಡಿರುತ್ತೇವೆ. ಇವನಿಗೆ ಅಜ್ಜಿ, ಅವಳಿಗೆ ಅತ್ತೆ ಆಗಿದ್ದ ಹೆಂಗಸಿನ ಹೆಸರು ಕೇಳಿದವರು ಮಾತ್ರ ಕಮ್ಮಿ. ಈಜಿಪ್ಟಿನ ಕಥೆ ಓದುವವರು ಟಿಯೆ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಟಿಯೆ ಯಾರು? ಚುಟುಕಾಗಿ ಹೇಳಿ.

ಈಜಿಪ್ಟಿನ 18ನೇ ರಾಜವಂಶದ ಮೂರನೇ ಅಮೆನ್‌ಹೋಟೆಪ್‌ನ ಪಟ್ಟದರಸಿ. ಅವನು ಆಳಿದ್ದು ಸುಮಾರು ಕ್ರಿ.ಪೂ. 1390ರಿಂದ 1353ರವರೆಗೆ. ಸೂರ್ಯಬಿಂಬವನ್ನೇ ದೇವರೆಂದು ಪೂಜಿಸಿ ಹಳೇ ದೇವರುಗಳನ್ನು ಬದಿಗೆ ಸರಿಸಿದ ಅಖೆನಾಟನ್ ಇವಳ ಮಗ. ಇವಳು ರಾಜಕುಮಾರಿ ಅಲ್ಲ. ಗಣ್ಯರ ಮನೆಯ ಹುಡುಗಿ, ಅಷ್ಟೇ.

ರಾಜಮನೆತನದವಳಲ್ಲ ಅಂದ್ರೆ, ಬಡವರ ಮನೆ ಹುಡುಗಿಯಾ?

ಅಲ್ಲವೇ ಅಲ್ಲ. ತುಂಬ ಕಡೆ "ಸಾಮಾನ್ಯ ಹುಡುಗಿಯನ್ನು ಮೆಚ್ಚಿ ರಾಜ ಮದುವೆಯಾದ" ಅಂತ ಬರೆದುಬಿಡುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಇವಳ ಅಪ್ಪನ ಹುದ್ದೆಗಳ ಪಟ್ಟಿ ನೋಡಿದರೆ ಆ ಕಥೆ ನಿಲ್ಲೋದಿಲ್ಲ.

ಅಪ್ಪ ಯುಯಾ, ಮೇಲಣ (ಅಂದರೆ ದಕ್ಷಿಣದ) ಈಜಿಪ್ಟಿನ ಅಖ್ಮೀಮ್ ಊರಿನವನು. ರಾಜನ ಕುದುರೆಗಳು ಇವನ ಕೈಕೆಳಗೆ. ರಥದಳದಲ್ಲೂ ದೊಡ್ಡ ಸ್ಥಾನ. ಊರ ದೇವರಾದ ಮಿನ್‌ನ ಪೂಜಾರಿ ಬೇರೆ, ಆ ದೇವಸ್ಥಾನದ ದನಗಳ ಉಸ್ತುವಾರಿಯೂ ಇವನದೇ. ಆ ಕಾಲಕ್ಕೆ ಕುದುರೆ ಮತ್ತು ರಥ ಅಂದರೆ ಸೈನ್ಯದ ಜೀವಾಳ, ಅದನ್ನು ನೋಡಿಕೊಳ್ಳುವವನು ರಾಜನ ಪಕ್ಕದಲ್ಲೇ ಇರುವವನು. ಅಮ್ಮ ತುಯಾ ಅಮನ್ ಮತ್ತು ಮಿನ್ ದೇವರ ಸೇವೆಯಲ್ಲಿ ಹಾಡುವ, ಕುಣಿಯುವ ಹೆಂಗಸರ ಮುಖ್ಯಸ್ಥೆ. ಅಣ್ಣನೋ ತಮ್ಮನೋ, ಅನೆನ್ ಅಂತ ಒಬ್ಬನಿದ್ದ. ಅವನು ಅಮನ್ ದೇವರ ಎರಡನೇ ಪ್ರಧಾನ ಪೂಜಾರಿಯಾದ.

ಸೈನ್ಯ, ದೇವಸ್ಥಾನ, ಅರಮನೆ, ಮೂರು ಕಡೆಯೂ ಕೈ ಇರುವ ಮನೆ. ಹುಡುಗಿಯ ಮೈಯಲ್ಲಿ ರಾಜರಕ್ತ ಇರಲಿಲ್ಲ, ಉಳಿದದ್ದೆಲ್ಲ ಇತ್ತು.

ಮದುವೆ ಯಾವಾಗ ಆಯ್ತು? ಪ್ರೀತಿಸಿ ಆಗಿದ್ದಾ?

ರಾಜನ ಆಳ್ವಿಕೆಯ ಎರಡನೇ ವರ್ಷದ ಹೊತ್ತಿಗೆ ಆಗಿತ್ತು. ಆ ವರ್ಷದ ಕಾಡುಗೂಳಿ ಬೇಟೆಯ ಬರಹದಲ್ಲೇ ಟಿಯೆಯ ಹೆಸರು ರಾಣಿ ಅಂತ ಇದೆ. ಪಟ್ಟಕ್ಕೆ ಬಂದಾಗ ಅಮೆನ್‌ಹೋಟೆಪ್ ಇನ್ನೂ ಹುಡುಗ. ಹಾಗಾಗಿ ಇವಳೂ ಚಿಕ್ಕವಳೇ ಇರಬೇಕು. ಆ ವಯಸ್ಸಿನಲ್ಲಿ ಪ್ರೀತಿ ಎಲ್ಲಿಂದ ಬರಬೇಕು? ದೊಡ್ಡವರು ಕೂತು ಮಾತಾಡಿ ಗಟ್ಟಿ ಮಾಡಿದ ಸಂಬಂಧ ಅಂತಲೇ ನನಗನ್ನಿಸುತ್ತದೆ. ಆಮೇಲೆ ಪ್ರೀತಿ ಬೆಳೆದಿರಬಹುದು. ಮೂವತ್ತೈದಕ್ಕೂ ಹೆಚ್ಚು ವರ್ಷ ರಾಜ ತನ್ನ ಹೆಸರಿನ ಪಕ್ಕ ಇವಳ ಹೆಸರು ಕೆತ್ತಿಸುತ್ತಲೇ ಹೋದ ಅನ್ನೋದಂತೂ ನಿಜ.

ದುಂಬಿ ಕಲ್ಲಿನ ಮೇಲೆ ಮದುವೆ ವಿಷಯ ಬರೆದಿದ್ದಾರಂತೆ, ಹೌದಾ?

ಹೌದು, ನನಗೆ ತುಂಬ ಇಷ್ಟವಾದ ವಸ್ತು ಅದು. ಸಗಣಿ ಉಂಡೆ ಉರುಳಿಸುವ ದುಂಬಿ ಈಜಿಪ್ಟಿನವರಿಗೆ ಪವಿತ್ರ, ಸೂರ್ಯನನ್ನು ಆಕಾಶದಲ್ಲಿ ಉರುಳಿಸುವ ದೇವರ ರೂಪ. ಅಂಗೈ ಅಗಲದ ದುಂಬಿ ಆಕಾರದ ಕಲ್ಲು ಕೆತ್ತಿ, ಅದರ ಹೊಟ್ಟೆ ಭಾಗದಲ್ಲಿ ಸುದ್ದಿ ಬರೆಸಿ, ರಾಜ ನಾಡಿನ ಒಳಗೂ ಹೊರಗೂ ಕಳಿಸುತ್ತಿದ್ದ. ಈಗಿನ ಭಾಷೆಯಲ್ಲಿ ಪತ್ರಿಕಾ ಪ್ರಕಟಣೆ ಅನ್ನಿ. ಇಂಥವು ಇನ್ನೂರಕ್ಕೂ ಜಾಸ್ತಿ ಸಿಕ್ಕಿವೆ. ಕಾಡುಗೂಳಿ ಬೇಟೆ, ಹತ್ತು ವರ್ಷದಲ್ಲಿ ಕೊಂದ ನೂರಕ್ಕೂ ಹೆಚ್ಚು ಸಿಂಹಗಳ ಲೆಕ್ಕ, ವಿದೇಶಿ ರಾಜಕುಮಾರಿಯ ಆಗಮನ, ಒಂದು ಕೆರೆ, ಮತ್ತು ಟಿಯೆ.

ಟಿಯೆಯ ಕಲ್ಲಿನಲ್ಲಿ ಮೊದಲು ರಾಜನ ಬಿರುದುಗಳು. ಆಮೇಲೆ ಪಟ್ಟದರಸಿ ಟಿಯೆಯ ಹೆಸರು. ಅದರ ನಂತರದ್ದು ಸ್ವಲ್ಪ ನಿಧಾನ ಓದಿ: ಆಕೆಯ ತಂದೆಯ ಹೆಸರು ಯುಯಾ, ಆಕೆಯ ತಾಯಿಯ ಹೆಸರು ತುಯಾ, ಆಕೆ ಬಲಶಾಲಿ ರಾಜನ ಹೆಂಡತಿ, ಅವನ ದಕ್ಷಿಣದ ಗಡಿ ಕರೋಯ್, ಉತ್ತರದ ಗಡಿ ನಹರಿನ್. ಅಂದರೆ ಸುಡಾನಿನಿಂದ ಸಿರಿಯಾದವರೆಗೆ.

ದೇವರ ಮಗ ಅಂತ ಕರೆಸಿಕೊಳ್ಳುವ ರಾಜ, ಹೆಣ್ಣು ಕೊಟ್ಟ ಅತ್ತೆ-ಮಾವನ ಹೆಸರನ್ನು ಊರೂರಿಗೆ ಹಂಚುತ್ತಿದ್ದಾನೆ. ಅವರಿಗೆ ಒಂದು ಬಿರುದೂ ಹಚ್ಚಿಲ್ಲ, ಬರೀ ಹೆಸರು. "ಹೌದು, ಇವಳು ರಾಜನ ಮಗಳಲ್ಲ, ಏನಿವಾಗ?" ಅಂತ ಸವಾಲು ಹಾಕಿದ ಹಾಗೆ ಕೆಲವರಿಗೆ ಕೇಳಿಸುತ್ತದೆ. ನನಗೆ ಹಾಗೆ ಕೇಳಿಸೋದಿಲ್ಲ. ಆ ಎರಡು ಹೆಸರು ಎಲ್ಲರಿಗೂ ಆಗಲೇ ಗೊತ್ತಿತ್ತು, ವಿವರಿಸುವ ಅಗತ್ಯವೇ ಇರಲಿಲ್ಲ ಅನ್ನಿಸುತ್ತದೆ.

ಅಪ್ಪ-ಅಮ್ಮನ ಸಮಾಧಿ ಸಿಕ್ಕಿದೆಯಾ?

ಸಿಕ್ಕಿದೆ, ಅದೂ ರಾಜರ ಕಣಿವೆಯಲ್ಲೇ. ರಾಜರಲ್ಲದವರಿಗೆ ಅಲ್ಲಿ ಜಾಗ ಸಿಗುವುದು ಸುಲಭದ ಮಾತಲ್ಲ. 1905ರ ಫೆಬ್ರವರಿಯಲ್ಲಿ ಅಮೆರಿಕದ ಶ್ರೀಮಂತ ಥಿಯೋಡೋರ್ ಡೇವಿಸ್ ದುಡ್ಡು ಹಾಕಿದ್ದ ಉತ್ಖನನದಲ್ಲಿ, ಜೇಮ್ಸ್ ಕ್ವಿಬೆಲ್ ಮೇಲ್ವಿಚಾರಣೆಯಲ್ಲಿ ಬಾಗಿಲು ತೆರೆಯಿತು. ಹಳೇ ಕಾಲದಲ್ಲೇ ಕಳ್ಳರು ನುಗ್ಗಿದ್ದರು, ಆದರೂ ಹೆಚ್ಚಿನದೆಲ್ಲ ಇದ್ದಲ್ಲೇ ಇತ್ತು. ಒಂದು ರಥ, ಮಂಚಗಳು, ಕುರ್ಚಿಗಳು, ಒಡವೆ ಪೆಟ್ಟಿಗೆ, ಚಪ್ಪಲಿ, ಚಿನ್ನದ ಲೇಪದ ಮುಖವಾಡಗಳು. ಒಂದು ಕುರ್ಚಿ ಮೊಮ್ಮಗಳು ಸಿತಾಮುನ್‌ಳದ್ದು. ಅಜ್ಜ-ಅಜ್ಜಿಯ ಜೊತೆ ಅದನ್ನೂ ಇಟ್ಟು ಕಳಿಸಿದ್ದಾರೆ. 1922ರಲ್ಲಿ ಟುಟಾಂಖಾಮನ್ ಸಮಾಧಿ ಸಿಗುವವರೆಗೆ ಆ ಕಣಿವೆಯ ದೊಡ್ಡ ಸುದ್ದಿ ಇದೇ ಆಗಿತ್ತು.

ಇಬ್ಬರ ಮಮ್ಮಿಗಳೂ ಎಷ್ಟು ಚೆನ್ನಾಗಿ ಉಳಿದಿವೆ ಅಂದರೆ, ನಿದ್ದೆ ಮಾಡುತ್ತಿರುವ ಮುದುಕ-ಮುದುಕಿಯ ಹಾಗೆ ಕಾಣುತ್ತಾರೆ. ಯುಯಾನ ದೊಡ್ಡ ಮೂಗು, ದೃಢವಾದ ಗದ್ದ ಇವತ್ತಿಗೂ ಗೊತ್ತಾಗುತ್ತದೆ. ಮೂರು ಸಾವಿರ ವರ್ಷದ ಹಿಂದಿನ ರಾಜನ ಮಾವನ ಮುಖವನ್ನು ನೇರವಾಗಿ ನೋಡಬಹುದು ಅನ್ನೋದೇ ವಿಚಿತ್ರ ಅಲ್ವಾ?

ಯುಯಾ ಹೊರದೇಶದಿಂದ ಬಂದವನು ಅಂತಾರಲ್ಲ?

ಅವನ ಹೆಸರನ್ನು ಈಜಿಪ್ಟಿನ ಲಿಪಿಕಾರರು ಬೇರೆ ಬೇರೆ ಥರ ಬರೆದಿದ್ದಾರೆ. ಪರಿಚಯವಿಲ್ಲದ ಹೆಸರು ಬಂದಾಗ ಹಾಗಾಗುತ್ತದೆ ಅನ್ನುವುದು ಆ ವಾದದ ಬುಡ. ಇಡೀ ಕಥೆ ನಿಂತಿರುವುದು ಹೆಚ್ಚೂಕಮ್ಮಿ ಕಾಗುಣಿತದ ಮೇಲೆ. ನಾನು ಅದಕ್ಕೆ ಜಾಸ್ತಿ ಬೆಲೆ ಕೊಡೋದಿಲ್ಲ.

ಹೆಂಡತಿಗಾಗಿ ಕೆರೆ ತೋಡಿಸಿದ ಕಥೆ ನಿಜವಾ?

ದುಂಬಿ ಕಲ್ಲಿನಲ್ಲೇ ಇದೆ. ಆಳ್ವಿಕೆಯ 11ನೇ ವರ್ಷ, ಟಿಯೆಯ ಊರಾದ ಜರುಖಾದಲ್ಲಿ ಕೆರೆ ಮಾಡಿಸಲು ರಾಜ ಅಪ್ಪಣೆ ಕೊಟ್ಟ. ಉದ್ದ 3,700 ಮೊಳ, ಅಗಲ ಸುಮಾರು 700 ಮೊಳ. ಅವರ ಮೊಳ ನಮ್ಮದಕ್ಕಿಂತ ಸ್ವಲ್ಪ ಉದ್ದ, ಹತ್ತಿರ ಹತ್ತಿರ 52 ಸೆಂಟಿಮೀಟರ್. ಲೆಕ್ಕ ಹಾಕಿದರೆ ಎರಡು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ ಉದ್ದದ ಕೆರೆ. ಹದಿನೈದು ದಿನಕ್ಕೆ ಉದ್ಘಾಟನೆ! ರಾಜ "ಹೊಳೆಯುವ ಆಟನ್" ಅನ್ನುವ ದೋಣಿಯಲ್ಲಿ ಅದರ ಮೇಲೆ ತೇಲಿದ. ಆಟನ್ ಅಂದರೆ ಸೂರ್ಯಬಿಂಬ. ಮಗನ ಕಾಲದಲ್ಲಿ ನಾಡನ್ನೇ ಅಲ್ಲಾಡಿಸಲಿದ್ದ ಹೆಸರು ಅಪ್ಪನ ದೋಣಿಯ ಮೇಲೆ ಆಗಲೇ ಇತ್ತು.

ಇದನ್ನು ತಾಜ್ ಮಹಲಿನ ಥರ ಪ್ರೇಮದ ಕಾಣಿಕೆ ಅಂತ ಹೇಳುವವರಿದ್ದಾರೆ. ಹದಿನೈದು ದಿನದಲ್ಲಿ ಅಷ್ಟು ಮಣ್ಣು ಅಗೆಯಲು ಸಾಧ್ಯವೇ ಅನ್ನುವುದನ್ನು ಯೋಚಿಸಿದರೆ ಬೇರೆ ಉತ್ತರ ಬರುತ್ತದೆ. ನೈಲ್ ನದಿಯ ನೆರೆ ಬಂದಾಗ ಬದು ಕಟ್ಟಿ ಹೊಲಕ್ಕೆ ನೀರು ನಿಲ್ಲಿಸಿಕೊಳ್ಳುವುದು ಅಲ್ಲಿನ ಬೇಸಾಯದ ಪದ್ಧತಿ. ಬದು ಏರಿಸಿ ನೀರು ಬಿಟ್ಟರೆ ಎರಡು ವಾರ ಸಾಕು. ಅಪ್ಪಣೆ ಬಂದದ್ದೂ ನೆರೆಯ ಕಾಲದಲ್ಲೇ. ನೀರು ಇಳಿದ ಮೇಲೆ ಅಲ್ಲಿ ಬೆಳೆ, ಆ ಬೆಳೆಯ ಆದಾಯ ರಾಣಿಗೆ. ಊರು ಅಖ್ಮೀಮ್ ಕಡೆಯದ್ದು ಅನ್ನುವ ಅಭಿಪ್ರಾಯ ಇದೆ, ಅಂದರೆ ತವರಿನ ಹತ್ತಿರ. ನೀರಾವರಿ ಜಮೀನು ಉಂಬಳಿ ಬಿಟ್ಟರು ಅಂದರೆ ಪ್ರೇಮಕಥೆಯಷ್ಟು ಚಂದ ಕೇಳಿಸಲಿಕ್ಕಿಲ್ಲ. ಆದರೆ ರೈತರ ಮನೆಯಿಂದ ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಸವತಿಯರು ಇದ್ದರಾ?

ಒಬ್ಬರಲ್ಲ, ಬೇಕಾದಷ್ಟು. ಆಳ್ವಿಕೆಯ 10ನೇ ವರ್ಷ, ಈಗಿನ ಸಿರಿಯಾ ಕಡೆಯಲ್ಲಿದ್ದ ಮಿತನ್ನಿ ರಾಜ್ಯದ ಗಿಲುಖೇಪ ಅನ್ನುವ ರಾಜಕುಮಾರಿ 317 ಹೆಂಗಸರ ಪರಿವಾರದ ಜೊತೆ ಬಂದಳು. ಆ ಸುದ್ದಿಯ ದುಂಬಿ ಕಲ್ಲಿನಲ್ಲೂ ಪಟ್ಟದರಸಿ ಟಿಯೆ, ಅವಳ ಅಪ್ಪ ಯುಯಾ, ಅಮ್ಮ ತುಯಾ ಅಂತ ಮತ್ತೆ ಬರೆಸಿದ್ದಾರೆ! ಹೊಸ ಹೆಂಡತಿ ಬಂದ ಪ್ರಕಟಣೆಯಲ್ಲಿ ಹಳೇ ಹೆಂಡತಿಯ ತವರಿನ ಹೆಸರು. ಆಮೇಲೆ ಬಾಬಿಲೋನಿನಿಂದ, ಮಿತನ್ನಿಯಿಂದ ಇನ್ನೂ ರಾಜಕುಮಾರಿಯರು ಬಂದರು. ಯಾರೂ ಟಿಯೆಯ ಸ್ಥಾನಕ್ಕೆ ಬರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಕೇಳಲು ಕಸಿವಿಸಿ ಆಗಬಹುದು. ಸ್ವಂತ ಮಗಳು ಸಿತಾಮುನ್‌ಗೂ ಕೊನೆಯ ವರ್ಷಗಳಲ್ಲಿ ಪಟ್ಟದರಸಿ ಅನ್ನುವ ಬಿರುದು ಸಿಕ್ಕಿತು. ಬರೀ ಗೌರವದ ಬಿರುದೋ, ಬೇರೆಯೋ ಅನ್ನುವ ಚರ್ಚೆ ಮುಗಿದಿಲ್ಲ.

ಮಕ್ಕಳು ಎಷ್ಟು?

ಗಂಡು ಮಕ್ಕಳಲ್ಲಿ ದೊಡ್ಡವನು ತುತ್ಮೋಸ್ ಪಟ್ಟಕ್ಕೆ ಬರುವ ಮೊದಲೇ ತೀರಿಕೊಂಡ. ಎರಡನೆಯವನು ನಾಲ್ಕನೇ ಅಮೆನ್‌ಹೋಟೆಪ್, ಮುಂದೆ ಅಖೆನಾಟನ್ ಆದವನು. ಹೆಣ್ಣು ಮಕ್ಕಳು ಸಿತಾಮುನ್, ಐಸೆಟ್, ಹೆನುತ್ತನೆಬ್, ನೆಬೆತಾ. ಬಾಕೆತಾಟನ್ ಕೂಡ ಇವಳ ಮಗಳೇ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ.

ನಿಜವಾಗಿ ಅಧಿಕಾರ ಇತ್ತಾ, ಅಥವಾ ಬರೀ ಅಲಂಕಾರಕ್ಕಾ?

ರಾಜ ಕೆತ್ತಿಸಿದ ಕಲ್ಲುಗಳನ್ನು ನಂಬಬೇಡಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಹೊಗಳುವುದೇ ಅವುಗಳ ಕೆಲಸ. ಅದಕ್ಕೇ ಪರರಾಜ್ಯದವರು ಬರೆದದ್ದನ್ನು ನೋಡಬೇಕು.

1887ರಲ್ಲಿ ಅಮರ್ನಾ ಅನ್ನುವ ಕಡೆ, ಅಖೆನಾಟನ್‌ನ ಹಾಳುಬಿದ್ದ ರಾಜಧಾನಿಯಲ್ಲಿ, ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದ ಪತ್ರಗಳು ಸಿಕ್ಕವು. ಒಟ್ಟು 380ರ ಆಸುಪಾಸು. ಭಾಷೆ ಅಕ್ಕಾಡಿಯನ್, ಆ ಕಾಲದ ರಾಜರಾಜರ ನಡುವಿನ ಪತ್ರದ ಭಾಷೆ. ಅದರಲ್ಲಿ ಒಂದು ಪತ್ರ ನೇರವಾಗಿ ಟಿಯೆಗೇ ಬರೆದದ್ದು. ಬರೆದವನು ಮಿತನ್ನಿಯ ರಾಜ ತುಶ್ರತ್ತ. ಟಿಯೆಯ ಗಂಡ ಆಗ ತೀರಿಕೊಂಡಿದ್ದ, ಮಗ ಹೊಸದಾಗಿ ಪಟ್ಟಕ್ಕೆ ಬಂದಿದ್ದ.

ಪತ್ರದ ತಿರುಳು ಇಷ್ಟು. ನಿನ್ನ ಗಂಡನಿಗೂ ನನಗೂ ಇದ್ದ ಸ್ನೇಹ ನಿನಗೆ ಗೊತ್ತು. ನಾವು ಮಾತಾಡಿಕೊಂಡದ್ದು ಬೇರೆ ಯಾರಿಗೂ ಗೊತ್ತಿಲ್ಲ, ನಿನಗೆ ಗೊತ್ತು. ನಿನ್ನ ಗಂಡ ಗಟ್ಟಿ ಚಿನ್ನದ ಮೂರ್ತಿಗಳನ್ನು ಕೊಡುತ್ತೇನೆ ಅಂದಿದ್ದ. ನಿನ್ನ ಮಗ ಮರದ ಮೂರ್ತಿಗೆ ಚಿನ್ನದ ತಗಡು ಹೊಡೆಸಿ ಕಳಿಸಿದ್ದಾನೆ! ಅವನಿಗೆ ಸ್ವಲ್ಪ ಹೇಳು.

ಓದಿದರೆ ನಗು ಬರುತ್ತದೆ. ಚೀಟಿ ದುಡ್ಡು ಬಾಕಿ ಉಳಿಸಿಕೊಂಡ ಹುಡುಗನ ಬಗ್ಗೆ ಅವರಮ್ಮನ ಹತ್ತಿರ ದೂರು ಹೇಳಿದ ಹಾಗಿದೆ. ಆದರೆ ಒಬ್ಬ ರಾಜ ತನ್ನ ಸಮಾನನಾದ ಇನ್ನೊಬ್ಬ ರಾಜನನ್ನು ಬಿಟ್ಟು ಅವನ ತಾಯಿಗೆ ಯಾಕೆ ಬರೆಯುತ್ತಾನೆ? ಅವಳ ಮಾತು ನಡೆಯುತ್ತದೆ ಅಂತ ತಿಳಿದದ್ದಕ್ಕೆ. ಅಖೆನಾಟನ್‌ಗೆ ಬರೆದ ಪತ್ರಗಳಲ್ಲೂ ತುಶ್ರತ್ತ ಇದನ್ನೇ ಹಾಡುತ್ತಾನೆ: ನನ್ನ ಮಾತು ಸುಳ್ಳೋ ನಿಜವೋ, ನಿಮ್ಮ ತಾಯಿ ಟಿಯೆಯನ್ನು ಕೇಳು. ಗಂಡ ಬದುಕಿದ್ದಾಗ ರಾಜತಂತ್ರದ ಮಾತುಕತೆ ನಡೆಯುವಾಗ ಇವಳೂ ಅಲ್ಲಿದ್ದಳು, ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?

ಮಾತು ಬಂದದ್ದರಿಂದ ಹೇಳುತ್ತೇನೆ. ಈ ತುಶ್ರತ್ತನ ಮಗ ಮುಂದೆ ಹಿಟ್ಟೈಟ್ ರಾಜನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಸಾಕ್ಷಿಗೆ ಕರೆದ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರೂ ಇದ್ದಾರೆ. ವೇದದಲ್ಲಿ ಬರುವ ಅದೇ ಹೆಸರುಗಳು. ಟಿಯೆಗೆ ಪತ್ರ ಬರೆದವನ ಮನೆಯಲ್ಲಿ ಇಂದ್ರನ ಹೆಸರು ಕೇಳಿಬರುತ್ತಿತ್ತು ಅನ್ನಿ.

ಅವಳನ್ನು ದೇವತೆ ಅಂತ ಪೂಜಿಸುತ್ತಿದ್ದರಾ?

ಬದುಕಿದ್ದಾಗಲೇ. ಈಗಿನ ಸುಡಾನಿನ ಸೆಡೆಯಿಂಗಾದಲ್ಲಿ ಗಂಡ ಇವಳಿಗಾಗಿ ಗುಡಿ ಕಟ್ಟಿಸಿದ. ಅವನ ಸ್ವಂತ ದೊಡ್ಡ ದೇವಸ್ಥಾನ ಅಲ್ಲೇ ಹತ್ತಿರದ ಸೋಲೆಬ್‌ನಲ್ಲಿ. ಟಿಯೆಯ ಉಸ್ತುವಾರಿ ಅಧಿಕಾರಿಯಾಗಿದ್ದ ಖೆರುಯೆಫ್‌ನ ಸಮಾಧಿಯಲ್ಲಿ ಇನ್ನೊಂದು ಚಿತ್ರ ಇದೆ: ಅವಳ ಸಿಂಹಾಸನದ ಬದಿಯಲ್ಲಿ ಹೆಣ್ಣು ಮುಖದ ಸಿಂಹ ಶತ್ರುಗಳನ್ನು ತುಳಿಯುತ್ತಿದೆ. ಶತ್ರುಗಳನ್ನು ತುಳಿಯುವ ಸಿಂಹ ಅಲ್ಲಿಯವರೆಗೆ ರಾಜನ ಗುರುತು. ಇಲ್ಲಿ ತುಳಿಯುವವಳು ರಾಣಿ, ತುಳಿಸಿಕೊಳ್ಳುವವರೂ ಹೆಂಗಸರೇ. ಚಿತ್ರ ಬಿಡಿಸಿದವನಿಗೆ ತಮಾಷೆ ಗೊತ್ತಿತ್ತು.

ಕೈರೋ ಮ್ಯೂಸಿಯಮ್‌ನ ನಡುಮನೆಯಲ್ಲಿರುವ ಏಳು ಮೀಟರ್ ಎತ್ತರದ ಜೋಡಿ ಮೂರ್ತಿಯನ್ನೂ ಮರೆಯಬಾರದು. ರಾಣಿಯನ್ನು ರಾಜನ ಮೊಣಕಾಲಿನ ಹತ್ತಿರ ಪುಟ್ಟದಾಗಿ ಕೆತ್ತುವುದು ಅಲ್ಲಿ ಹೊಸದೇನಲ್ಲ. ಇಲ್ಲಿ ಇಬ್ಬರೂ ಒಂದೇ ಎತ್ತರ, ಪಕ್ಕಪಕ್ಕ ಕೂತಿದ್ದಾರೆ. ಅವಳ ಕೈ ಅವನ ಬೆನ್ನ ಹಿಂದೆ. ಕಾಲ ಬಳಿ ಚಿಕ್ಕದಾಗಿ ಮೂವರು ಹೆಣ್ಣುಮಕ್ಕಳು.

ಮಗನ ಹೊಸ ರಾಜಧಾನಿಗೆ ಹೋಗಿದ್ದಳಾ? ಸೊಸೆ ನೆಫರ್ಟಿಟಿ ಜೊತೆ ಹೊಂದಾಣಿಕೆ ಇತ್ತಾ?

ಹೋಗಿದ್ದಳು. ಅಮರ್ನಾದಲ್ಲಿ ಅವಳ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹುಯಾ ಅನ್ನುವವನ ಸಮಾಧಿಯ ಗೋಡೆಯಲ್ಲಿ ಚಿತ್ರಗಳಿವೆ. ಒಂದು ಕಡೆ ಟಿಯೆ, ಅಖೆನಾಟನ್, ನೆಫರ್ಟಿಟಿ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ. ಅಖೆನಾಟನ್ ದೊಡ್ಡ ಮಾಂಸದ ತುಂಡನ್ನೇ ಕೈಯಲ್ಲಿ ಹಿಡಿದಿದ್ದಾನೆ. ಇನ್ನೊಂದು ಕಡೆ ಅಮ್ಮನ ಕೈ ಹಿಡಿದು ಅವಳಿಗಾಗಿ ಕಟ್ಟಿಸಿದ ಗುಡಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಅತ್ತೆ-ಸೊಸೆ ಜಗಳದ ಬಗ್ಗೆ ಒಂದು ಸಾಲೂ ಉಳಿದಿಲ್ಲ. ಸೀರಿಯಲ್ ನೋಡುವವರಿಗೆ ನಿರಾಸೆಯಾಗಬಹುದು.

ನೆಫರ್ಟಿಟಿ ಟಿಯೆಯ ಅಣ್ಣನ ಮಗಳು ಅಂತ ಓದಿದ್ದೇನೆ.

ಅದು ಊಹೆ. ಆಯ್ ಅನ್ನುವ ಅಧಿಕಾರಿಯೊಬ್ಬನಿದ್ದ, ಟುಟಾಂಖಾಮನ್ ನಂತರ ಅವನೇ ರಾಜನಾದ. ನೆಫರ್ಟಿಟಿಯ ಅಪ್ಪ ಇವನೇ ಇರಬಹುದು ಅಂತ ಕೆಲವರು ಊಹಿಸುತ್ತಾರೆ. ಅವನಿಗೂ ಯುಯಾನ ಹಾಗೇ ಕುದುರೆಗಳ ಹುದ್ದೆ, ಅಖ್ಮೀಮ್ ಜೊತೆ ನಂಟು. ಹಾಗಾಗಿ ಅವನು ಯುಯಾನ ಮಗ ಇರಬಹುದು ಅಂತಾರೆ. ಅನೆನ್ ಯುಯಾ-ತುಯಾರ ಮಗ ಅನ್ನುವುದಕ್ಕೆ ತುಯಾಳ ಶವಪೆಟ್ಟಿಗೆಯ ಬರಹವೇ ಇದೆ, ಆಯ್‌ಗೆ ಅಂಥದ್ದು ಇಲ್ಲ. ಅವನ ಹೆಂಡತಿಯ ಹೆಸರು ತೇಯ್, ಅವಳು ನೆಫರ್ಟಿಟಿಯ ದಾದಿ. ಟಿಯೆ, ತೇಯ್ ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಗೊಂದಲ ಇನ್ನೂ ಜಾಸ್ತಿ.

ಅವಳ ಮಮ್ಮಿ ಸಿಕ್ಕಿದ್ದು ಹೇಗೆ? ಕೂದಲಿನ ಕಥೆ ಏನು?

ಇದು ಪತ್ತೇದಾರಿ ಕಥೆಯ ಹಾಗಿದೆ. 1898ರಲ್ಲಿ ವಿಕ್ಟರ್ ಲೊರೆ ಎರಡನೇ ಅಮೆನ್‌ಹೋಟೆಪ್‌ನ ಸಮಾಧಿ ತೆರೆದ. ಪಕ್ಕದ ಕೋಣೆಯೊಂದರಲ್ಲಿ ಶವಪೆಟ್ಟಿಗೆ ಇಲ್ಲದೆ ಮೂರು ಮಮ್ಮಿಗಳು ಸಾಲಾಗಿ ಮಲಗಿದ್ದವು: ಇಬ್ಬರು ಹೆಂಗಸರು, ನಡುವೆ ಒಬ್ಬ ಹುಡುಗ. ಹೆಸರಿಲ್ಲ, ಗುರುತಿಲ್ಲ. ಹಿರಿಯಳಾದ ಹೆಂಗಸಿಗೆ ಉದ್ದನೆಯ ಕಂದು ಬಣ್ಣದ ಗುಂಗುರು ಕೂದಲು, ಹೆಗಲ ಮೇಲೆ ಹರಡಿಕೊಂಡಿತ್ತು. ಎಡಗೈ ಮಡಚಿ ಎದೆಯ ಮೇಲೆ, ಮುಷ್ಟಿ ಏನನ್ನೋ ಹಿಡಿದ ಹಾಗೆ. ರಾಣಿಯರ ಮೂರ್ತಿಗಳು ರಾಜದಂಡ ಹಿಡಿಯುವುದು ಹೀಗೆ.

ಅವಳಿಗೆ ಹೆಸರೇ ಇಲ್ಲದೆ ನೂರು ವರ್ಷ ದಾಟಿತು. ಅಷ್ಟರೊಳಗೆ ಡೇವಿಸ್ 1907ರಲ್ಲಿ ಕಣಿವೆಯ 55ನೇ ಸಮಾಧಿ ಹೊಕ್ಕ. ಅಲ್ಲಿ ಅಖೆನಾಟನ್ ಅಮ್ಮನಿಗಾಗಿ ಮಾಡಿಸಿದ ಚಿನ್ನದ ತಗಡಿನ ಮಂಟಪದ ಹಲಗೆಗಳು ಸಿಕ್ಕಿದ್ದೇ ತಡ, ಟಿಯೆಯ ಸಮಾಧಿ ಸಿಕ್ಕಿತು ಅಂತ ಪುಸ್ತಕವನ್ನೇ ಅಚ್ಚು ಹಾಕಿಸಿದ. ಆದರೆ ಒಳಗಿದ್ದ ಮಮ್ಮಿ ಗಂಡಸಿನದು.

ಟುಟಾಂಖಾಮನ್ ಸಮಾಧಿಯಲ್ಲಿ ಒಂದರೊಳಗೊಂದು ಇಟ್ಟ ಪುಟ್ಟ ಶವಪೆಟ್ಟಿಗೆಗಳಿದ್ದವು. ಒಳಗಿನದ್ದರ ಮೇಲೆ ಟಿಯೆಯ ಹೆಸರು. ಅದರಲ್ಲಿ ಹೆಣೆದ ಕೂದಲಿನ ಒಂದು ಎಳೆ. 1970ರ ದಶಕದಲ್ಲಿ ಆ ಕೂದಲನ್ನು ಹೆಸರಿಲ್ಲದ ಹೆಂಗಸಿನ ಕೂದಲಿನ ಜೊತೆ ಹೋಲಿಸಿ ಹೊಂದುತ್ತದೆ ಅಂದರು. ಎಲ್ಲರೂ ಒಪ್ಪಲಿಲ್ಲ. 2010ರಲ್ಲಿ ಡಿಎನ್ಎ ಫಲಿತಾಂಶ ಬಂತು. ಹಿರಿಯ ಹೆಂಗಸು ಯುಯಾ ಮತ್ತು ತುಯಾರ ಮಗಳು. 55ನೇ ಸಮಾಧಿಯ ಗಂಡಸು ಟಿಯೆ ಮತ್ತು ಅಮೆನ್‌ಹೋಟೆಪ್‌ನ ಮಗ, ಟುಟಾಂಖಾಮನ್‌ನ ಅಪ್ಪ. ಅವನು ಅಖೆನಾಟನ್ನೇ ಅಂತ ಹಲವರು, ಎಲುಬಿನ ವಯಸ್ಸು ಕಮ್ಮಿ ಅನ್ನುವವರು ಕೆಲವರು. ಪಕ್ಕದಲ್ಲೇ ಮಲಗಿದ್ದ ಕಿರಿಯ ಹೆಂಗಸು ಟುಟಾಂಖಾಮನ್‌ನ ತಾಯಿ, ಅವಳೂ ಟಿಯೆಯ ಮಗಳೇ.

ಅತ್ತೆ-ಮಾವನ ಹೆಸರು ಬರೆಸಿದ ಆ ದುಂಬಿ ಕಲ್ಲು ಇಲ್ಲೂ ಕೆಲಸಕ್ಕೆ ಬಂತು ನೋಡಿ. ಟಿಯೆಯ ಅಪ್ಪ-ಅಮ್ಮ ಯಾರು ಅಂತ ಅದು ಹೇಳದೇ ಇದ್ದಿದ್ದರೆ, ಡಿಎನ್ಎ ಯಾರ ಜೊತೆ ಹೋಲಿಸುತ್ತಿದ್ದರು?

ಬರ್ಲಿನ್‌ನಲ್ಲಿರುವ ಟಿಯೆಯ ಮರದ ಮೂರ್ತಿಯಲ್ಲಿ ಮುಖ ಯಾಕೆ ಅಷ್ಟು ಕಪ್ಪು?

ಅದು ಯೂ ಮರದ ಬಣ್ಣ. ಈ ಮರ ಈಜಿಪ್ಟಿನಲ್ಲಿ ಬೆಳೆಯುವುದಿಲ್ಲ, ಹೊರಗಿನಿಂದ ತರಿಸಿದ್ದು. ಅದನ್ನು ನೋಡಿ ಚರ್ಮದ ಬಣ್ಣ ಹೇಳಲು ಹೋಗಬೇಡಿ.

ಬಣ್ಣಕ್ಕಿಂತ ಆ ಮುಖವನ್ನು ನೋಡಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ತಲೆ. ಭಾರವಾದ ರೆಪ್ಪೆ, ಕೆಳಗೆ ಬಾಗಿದ ತುಟಿಯ ಕೊನೆ, ಮೂಗಿನ ಪಕ್ಕದಲ್ಲಿ ಗೆರೆ. ಚಂದ ಕಾಣಿಸಬೇಕು ಅಂತ ಕೆತ್ತಿದ್ದಲ್ಲ. ಮನೆಯ ಲೆಕ್ಕ ಪುಸ್ತಕ ತನ್ನ ಕೈಯಲ್ಲೇ ಇಟ್ಟುಕೊಂಡ ಹಿರಿಯಳ ಮುಖ. ಮೊದಲು ತಲೆಗೆ ಬೆಳ್ಳಿಯ ಹೊದಿಕೆ ಇತ್ತು. ಆಮೇಲೆ ಯಾರೋ ಅದರ ಮೇಲೆ ಬಟ್ಟೆ ಹಚ್ಚಿ, ನೀಲಿ ಮಣಿಗಳನ್ನು ಅಂಟಿಸಿ ಬೇರೆ ರೂಪ ಕೊಟ್ಟರು. ಮಣಿಗಳು ಉದುರಿದ ಕಡೆ ಒಳಗಿನ ಓಲೆ ಇಣುಕುತ್ತದೆ.

ಇದನ್ನೆಲ್ಲ ಎಲ್ಲಿ ನೋಡಬಹುದು?

ಟಿಯೆಯ ಮಮ್ಮಿಯನ್ನು 2021ರ ಏಪ್ರಿಲ್ 3ರಂದು, 22 ರಾಜ-ರಾಣಿಯರ ಮೆರವಣಿಗೆಯಲ್ಲಿ, ಕೈರೋದ ಈಜಿಪ್ಟ್ ನಾಗರಿಕತೆಯ ರಾಷ್ಟ್ರೀಯ ಮ್ಯೂಸಿಯಮ್‌ಗೆ ಸಾಗಿಸಿದರು. ಜೋಡಿ ಮೂರ್ತಿ, ಯುಯಾ-ತುಯಾರ ಸಮಾಧಿಯ ಸಾಮಾನುಗಳಿಗೆ ತಹ್ರೀರ್ ಚೌಕದ ಹಳೇ ಮ್ಯೂಸಿಯಮ್. ಮರದ ತಲೆ ಬರ್ಲಿನ್‌ನ ನೋಯೆಸ್ ಮ್ಯೂಸಿಯಮ್‌ನಲ್ಲಿದೆ. ಅಲ್ಲಿ ಜನರ ಗುಂಪು ಸೇರುವುದು ನೆಫರ್ಟಿಟಿಯ ಮುಂದೆ. ಅತ್ತೆ ಅದೇ ಕಟ್ಟಡದಲ್ಲಿ ಇದ್ದಾಳೆ, ತುಂಬ ಚಿಕ್ಕದು, ಹುಡುಕಬೇಕು.